ಟವಲಿನಡಿಯ ಕಿರುಬೆರಳು

"ಅಮ್ಮಾ, ಇದು ಗಂಡಸರ ವ್ಯವಹಾರ. ಕೈ ತೆಗೀರಿ."

ಗಂಗರತ್ನಮ್ಮ ಕೈ ತೆಗೆಯಲಿಲ್ಲ. ಚಾಚಿದ ಬಲಗೈ ಚಾಚಿದಂತೆಯೇ ಇತ್ತು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹೆಂಗಸೊಬ್ಬಳು ವ್ಯಾಪಾರಕ್ಕೆ ಕೈ ಕೊಟ್ಟು ಕೂತಿರುವುದನ್ನು ನೋಡಲು, ಲಾರಿಗೆ ಕಾಯಿ ತುಂಬುತ್ತಿದ್ದ ಹಮಾಲಿಗಳು ಕೂಡ ಪೆಟ್ಟಿಗೆ ಇಳಿಸಿ ನಿಂತರು.

"ಗಂಡಸರನ್ನ ಎಲ್ಲಿ ಉಳಿಸಿದ್ದೀರಪ್ಪಾ ನೀವು, ಕಳಿಸೋಕೆ?" ಎಂದಳು.

ಯಾರೋ ಕಿಸಕ್ಕೆಂದರು. ಮಂಡಿಯ ಯಜಮಾನ ಮುನಿಶಾಮಿ ಹೆಗಲ ಮೇಲಿನ ಟವಲನ್ನು ಒಮ್ಮೆ ಎಳೆದುಕೊಂಡು, ಮತ್ತೆ ಹೆಗಲಿಗೇ ಹಾಕಿಕೊಂಡ. ಮಂಡಿ ತೆರೆದು ಅವನಿಗೆ ಇದು ಎರಡನೇ ಮಾವಿನ ಕಾಲ. ಅಷ್ಟರಲ್ಲೇ ಸುತ್ತಿನ ಅರ್ಧ ತೋಟಗಳ ಕಾಯಿ ಇವನ ಅಂಗಳಕ್ಕೆ ಬಂದು ಬೀಳುತ್ತಿತ್ತು. ಅದಕ್ಕೆ ಮೊದಲು ಅವನು ನಂಗಲಿಯ ಹೆದ್ದಾರಿಯಲ್ಲಿ ಲಾರಿಗಳಿಗೆ ಪಂಕ್ಚರ್ ಹಾಕುತ್ತಿದ್ದ.

"ನಿಮ್ಮಣ್ಣ ಸೊಣ್ಣಪ್ಪ ಬರ್ಲಿ. ತೋಟ ಅವ್ರದು."

"ಅಣ್ಣನಿಗೆ ಚಳಿಜ್ವರ. ಅದಕ್ಕೇ ನನ್ನ ಕಳ್ಸವ್ನೆ. ಕಾಯಿ ನೋಡಿದ್ಯಲ್ಲ, ಬೆಲೆ ಹೇಳು. ಹೆಂಗ್ಸಿನ ಕೈ ಮುಟ್ಟಿದ್ರೆ ನಿನ್ ಬಾದಾಮಿ ಕಾಯಿಗೆ ಹುಳ ಬೀಳ್ತದಾ?"

ಈ ಸಲ ನಗು ಜೋರಾಗಿಯೇ ಬಂತು. ಮುನಿಶಾಮಿ ಬೇರೆ ದಾರಿಯಿಲ್ಲದೆ ಎದುರಿಗೆ ಕೂತ. ಇಬ್ಬರ ಕೈ ಮೇಲೆ ಟವಲು ಬಿತ್ತು.

ಆ ಮಂಡಿಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿ ಇಲ್ಲ. ಕೊಳ್ಳುವವನೂ ಮಾರುವವನೂ ಟವಲಿನ ಕೆಳಗೆ ಕೈ ಸೇರಿಸುತ್ತಾರೆ. ಹಿಡಿದ ಬೆರಳು ಎಷ್ಟೋ, ಟನ್ನಿಗೆ ಅಷ್ಟು ನೂರು ರೂಪಾಯಿ. ನಡುಗೆಣ್ಣನ್ನು ಒತ್ತಿದರೆ ಐವತ್ತು, ಅಂದರೆ ಅರ್ಧ. ಬೆಲೆ ಬೇಡವೆನ್ನಿಸಿದರೆ ಬೆರಳು ಕೊಡವಬೇಕು, ಒಪ್ಪಿಗೆಯಾದರೆ ಅಂಗೈಗೆ ಅಂಗೈ ಒತ್ತಬೇಕು. ಸುತ್ತ ನಿಂತವರಿಗೆ ಕಾಣುವುದು ಟವಲಿನ ಮೇಲಿನ ಅಲುಗಾಟ ಮಾತ್ರ. ಅಂಗೈ ಸೇರಿ ಟವಲು ಮೇಲೆ ಹೋಯಿತೆಂದರೆ ಮಾತು ಮುಗಿಯಿತು. ಅದನ್ನು ಹಿಂದಕ್ಕೆ ತೆಗೆದುಕೊಂಡವನ ಹತ್ತಿರ ಆಮೇಲೆ ಯಾರೂ ಕೂರುವುದಿಲ್ಲ.

ಗಂಗರತ್ನಮ್ಮ ಮಾವಿನಕಾಯಿ ಮಾರಲು ಬಂದವಳಲ್ಲ. ತೂಕದ ಯಂತ್ರದ ಪಕ್ಕದಲ್ಲಿ ಲುಂಗಿ ಉಟ್ಟು, ಬೀಡಿ ಕಚ್ಚಿ, ಲಾರಿ ಏಜೆಂಟರ ಹಾಗೆ ಕೂತಿದ್ದ ಇನ್‌ಸ್ಪೆಕ್ಟರ್ ಚನ್ನರಾಯಪ್ಪನವರಿಗೆ ಅದು ಗೊತ್ತಿತ್ತು. ಅವರ ಜೀಪು ಮಂಡಿಯ ಹಿಂದಿನ ಹುಣಿಸೆಮರದ ನೆರಳಲ್ಲಿತ್ತು.

ಎರಡು ವರ್ಷದ ಹಿಂದೆ, ಎಂಬತ್ಮೂರರ ಯುಗಾದಿ ಕಳೆದ ವಾರ, ಕೋಲಾರದ ಹೊನ್ನಸಿರಿ ಫೈನಾನ್ಸ್ ಬಾಗಿಲು ಹಾಕಿತ್ತು. ಅದೇ ದಿನ ಅದರ ಕ್ಯಾಷಿಯರ್ ರಾಮಚಂದ್ರಪ್ಪ ಕಾಣೆಯಾಗಿದ್ದ. ಜನರ ದುಡ್ಡನ್ನೆಲ್ಲ ಅವನೇ ಹೊತ್ತುಕೊಂಡು ಓಡಿದನೆಂದು ಮಾಲೀಕ ಕೋದಂಡರಾಮಪ್ಪ ಕೋರ್ಟಿನಲ್ಲಿ ಕಣ್ಣೀರು ಹಾಕಿದ್ದ. ಕೆರೆ ಏರಿಯ ಮೇಲೆ ರಾಮಚಂದ್ರಪ್ಪನ ಅಂಗಿ, ಚಪ್ಪಲಿ ಸಿಕ್ಕಿದ್ದವು. ಹೆಣ ಸಿಕ್ಕಿರಲಿಲ್ಲ.

ರಾಮಚಂದ್ರಪ್ಪ ಗಂಗರತ್ನಮ್ಮನ ಗಂಡ.

ಕೊಂದವನು ಯಾರು ಎಂಬ ವಿಷಯದಲ್ಲಿ ಅವಳಿಗೆ ಒಂದು ದಿನವೂ ಅನುಮಾನ ಇರಲಿಲ್ಲ. ಆ ಕೋದಂಡರಾಮಪ್ಪ ಇದೇ ಅಂಗಳದಲ್ಲಿ, ಹೊಂಗೆಮರದ ಕೆಳಗೆ ಹಗ್ಗದ ಮಂಚದ ಮೇಲೆ ಕೂತು, ರಸಪುರಿ ಹಣ್ಣನ್ನು ಹಿಂಡಿ ಹಿಂಡಿ ಚೀಪುತ್ತಿದ್ದ. ಬಿಳೀ ಪಂಚೆ, ಬರಿಗೈ. ಉಂಗುರ ತೆಗೆದ ಬೆರಳುಗಳ ಬುಡದಲ್ಲಿ ಬೆಳ್ಳಗೆ ಬಳೆಯಂಥ ಗುರುತು. ದಿವಾಳಿಯಾದವನ ವೇಷಕ್ಕೆ ಅಷ್ಟು ಸಾಕೆಂದು ತಿಳಿದಿದ್ದ.

*

ಅವಳ ಹೊಟ್ಟೆಯೊಳಗಿನ ಸಿಟ್ಟು ಒಂದೇ ಸಲ ಹುಟ್ಟಿದ್ದಲ್ಲ. ರೇಷ್ಮೆಹುಳಕ್ಕೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಿ ಸಾಕುವ ಹಾಗೆ ಅವಳು ಅದನ್ನು ಸಾಕಿದ್ದಳು. ಸೊಪ್ಪು ತಂದು ಕೊಡುತ್ತಿದ್ದವರು ಊರಿನ ಹೆಂಗಸರು.

ನರಸಾಪುರದ ಆಸುಪಾಸಿನ ಹಳ್ಳಿಗಳಲ್ಲಿ, ರೇಷ್ಮೆಗೂಡು ಮಾರಿ ಬಂದ ದುಡ್ಡನ್ನು ಸೆರಗಿನಿಂದ ಬಿಚ್ಚಿಸಿ ಹೊನ್ನಸಿರಿಗೆ ಕಟ್ಟಿಸಿದವಳು ಗಂಗರತ್ನಮ್ಮನೇ. ಗಂಡ ಹೇಳಿದ್ದ, ಅವಳು ನಂಬಿದ್ದಳು, ಅವಳನ್ನು ಅವರು ನಂಬಿದ್ದರು. ಬೈರಮ್ಮ ಮಗಳ ಮದುವೆಗೆಂದು ಕೂಡಿಟ್ಟದ್ದನ್ನು ಕಟ್ಟಿದ್ದಳು. ಮದುವೆ ಮುರಿದುಬಿತ್ತು. ಬೈರಮ್ಮ ಬೈಯಲಿಲ್ಲ, ಶಾಪ ಹಾಕಲಿಲ್ಲ. ಗಂಗರತ್ನಮ್ಮ ಬೋರಿಂಗಿನ ಹತ್ತಿರ ಬಂದರೆ, ಅರ್ಧ ತುಂಬಿದ ಬಿಂದಿಗೆಯನ್ನು ಹಾಗೇ ಎತ್ತಿ ಸೊಂಟಕ್ಕಿಟ್ಟುಕೊಂಡು ಹೊರಟುಹೋಗುತ್ತಿದ್ದಳು. ಆ ಅರ್ಧ ಬಿಂದಿಗೆ ನೀರಿನ ತುಳುಕಾಟ ಗಂಗರತ್ನಮ್ಮನ ಕಿವಿಯಿಂದ ಹೋಗುತ್ತಲೇ ಇರಲಿಲ್ಲ.

ಆ ಮನೆಯಲ್ಲಿ ಅವಳಿಗೆ ಆಸರೆಯಾಗಿ ನಿಂತವಳು ಅತ್ತೆ ದೊಡ್ಡವೆಂಕಟಮ್ಮ ಒಬ್ಬಳೇ. "ಹೆಣ ನೋಡ್ದೆ ನಾನು ತಿಥಿ ಮಾಡಾಕಿಲ್ಲ. ನನ್ ಸೊಸೆ ಮುತ್ತೈದೆ" ಎಂದು ಊರವರ ಬಾಯಿ ಮುಚ್ಚಿಸಿದ್ದಳು. ಶುಕ್ರವಾರ ಬಂತೆಂದರೆ ತಾನೇ ಸೊಸೆಯ ಹಣೆಗೆ ಕುಂಕುಮ ಒತ್ತುತ್ತಿದ್ದಳು. ತಂಗಿಯ ಮನೆಗೆಂದು ಮಾಲೂರಿಗೆ ಹೋದಾಗಲೆಲ್ಲ ಹಸಿರು ಗಾಜಿನೊಳಗೆ ಹಳದಿ ಎಳೆಯಿರುವ ಬಳೆ ತಂದು, ಕೈ ಹಿಸುಕಿ ತೊಡಿಸುತ್ತಿದ್ದಳು. ಶನಿವಾರ ಬಂತೆಂದರೆ ಮಗನ ಹಳೇ ಊಟದ ಕ್ಯಾರಿಯರಿನಲ್ಲಿ ಮೊಸರನ್ನ ಕಟ್ಟಿಕೊಂಡು, ಮಗನ ಹೆಸರಿನ ಹರಕೆ ಎಂದು ಮುಳಬಾಗಿಲಿನ ಆಂಜನೇಯನಿಗೆ ಹೋಗುತ್ತಿದ್ದಳು. ಈ ಶನಿವಾರವೂ ಕ್ಯಾರಿಯರ್ ಹಿಡಿದೇ ಹೊರಟಿದ್ದಳು. "ನಾನೂ ಶ್ರೀನಿವಾಸಪುರದ ಮಂಡಿಗೆ ಹೋಗ್ತಿದ್ದೀನಿ" ಎಂದು ಸೊಸೆ ಹೇಳಿದ ಮೇಲೆ ಮಾತ್ರ, ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಗಳಿಗೆ ಯೋಚಿಸಿ, "ನಡಿ, ನಾನೂ ಬರ್ತೀನಿ. ಒಬ್ಳನ್ನೇ ಕಳ್ಸಾಕಿಲ್ಲ" ಎಂದು ಜೊತೆಗೆ ಬಸ್ಸು ಹತ್ತಿದ್ದಳು.

ಈಗ ಅತ್ತೆ ಕಾಯಿರಾಶಿಯ ಪಕ್ಕದಲ್ಲಿ, ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಈ ಮಂಡಿ ನಿಜಕ್ಕೂ ಕೋದಂಡರಾಮಪ್ಪನದೆಂಬ ಗುಟ್ಟು ಗಂಗರತ್ನಮ್ಮನಿಗೆ ತಿಳಿದದ್ದೂ ಆ ಕ್ಯಾರಿಯರಿನಿಂದಲೇ. ಹದಿನೈದು ದಿನದ ಹಿಂದೆ ಅಣ್ಣನ ತೋಟಕ್ಕೆ ಮುನಿಶಾಮಿ ಕಳಿಸಿದ ಖಾಲಿ ಪೆಟ್ಟಿಗೆಗಳಲ್ಲಿ ಒಂದರ ಹಲಗೆ ಗಿಳಿಹಸಿರು ಬಣ್ಣದ್ದಾಗಿತ್ತು. ಅಂಚಿನಲ್ಲಿ ಚಿನ್ನದ ಬಣ್ಣದ ಗೀಟು. ಹೊನ್ನಸಿರಿಯ ಕೌಂಟರಿಗಲ್ಲದೆ ಜಿಲ್ಲೆಯಲ್ಲಿ ಬೇರೆಲ್ಲೂ ಆ ಬಣ್ಣ ಇರಲಿಲ್ಲ. ಕೋರ್ಟಿನವರು ಮೊಹರು ಹಾಕಿ ಬೀಗ ಜಡಿದಿದ್ದ ಆಫೀಸಿನ ಮರ ಇಲ್ಲಿ ಮಾವಿನ ಪೆಟ್ಟಿಗೆಯಾಗಿತ್ತು. ಅದರ ಮೇಲೆ ಸಾರಿನ ಜಿಡ್ಡಿನ ಒಂದು ಉಂಗುರ. ಪೂರ್ತಿ ಉಂಗುರವಲ್ಲ, ಒಂದು ಕಡೆ ತುಂಡಾದ ಬಳೆಯ ಹಾಗೆ. ರಾಮಚಂದ್ರಪ್ಪನ ಕ್ಯಾರಿಯರ್ ಒಮ್ಮೆ ನರಸಾಪುರದ ಗೇಟಿನ ಹತ್ತಿರ ಬಸ್ಸಿನ ಮೇಲಿಂದ ಬಿದ್ದು ತಳ ನೆಗ್ಗಿತ್ತು. ಅವತ್ತಿನಿಂದ ಅದು ಇಟ್ಟಲ್ಲೆಲ್ಲ ಸಾರು ಸೋರಿ ಅಂಥ ಮುರುಕು ಉಂಗುರ ಮೂಡುತ್ತಿತ್ತು. ಕೌಂಟರಿನ ಮೇಲಿನ ಆ ಕಲೆಗಾಗಿ ಧಣಿ ಬೈದರೆಂದು ಗಂಡ ನಗುತ್ತ ಹೇಳಿದ್ದು ಅವಳಿಗೆ ನೆನಪಿತ್ತು. ಗಂಡ ಕೂತ ಜಾಗದ ಹಲಗೆಯೆಂದು ಅದನ್ನು ಸವರಿ ಅತ್ತಿದ್ದಳು. ಆಮೇಲೆ ಕಣ್ಣೊರೆಸಿಕೊಂಡು ಕೋಲಾರದ ಬಸ್ಸು ಹತ್ತಿದ್ದಳು.

"ಬಣ್ಣದ ಹಲಗೆ ಸಾಲಲ್ಲಮ್ಮ" ಎಂದಿದ್ದರು ಚನ್ನರಾಯಪ್ಪ. "ಗುಜರೀಲಿ ತಗೊಂಡೆ ಅಂತಾನೆ ಮುನಿಶಾಮಿ. ಕೋದಂಡರಾಮಪ್ಪ ಜಾಮೀನಿನ ಮೇಲವ್ರೆ. ಏನೂ ಕೊಳ್ಳಂಗಿಲ್ಲ, ಮಾರಂಗಿಲ್ಲ ಅಂತ ಕೋರ್ಟು ಹೇಳಿದೆ. ಅವ್ರು ಎಲ್ಲರೆದುರಿಗೆ ಒಂದು ವ್ಯಾಪಾರ ತಮ್ಮ ಕೈಯಾರೆ ಮುಗಿಸ್ಲಿ, ಸಾಕು. ಜಾಮೀನು ಹೋಗ್ತದೆ, ಮಂಡೀನೂ ನಮ್ಮ ಕೈಗೆ ಬರ್ತದೆ."

"ಅವರ ಕೈನ ಟವಲ್ ಕೆಳಗೆ ನಾನು ತರ್ತೀನಿ" ಎಂದಿದ್ದಳು ಗಂಗರತ್ನಮ್ಮ. "ವ್ಯಾಪಾರ ಆದ್ರೆ ಟವಲು ನನ್ನ ಹೆಗಲ ಮೇಲಿರ್ತದೆ. ಅದನ್ನ ನೋಡಿ ಎದ್ದು ಬನ್ನಿ."

*

ಮುನಿಶಾಮಿ ಅವಳ ಬೆರಳು ಹಿಡಿಯುತ್ತಿದ್ದ, ಕಣ್ಣು ಹಗ್ಗದ ಮಂಚದ ಕಡೆ ಹೋಗುತ್ತಿತ್ತು. ಅಲ್ಲಿಂದ ಒಂದು ಕೆಮ್ಮು ಬಂದರೆ ಒಂದು ಬೆರಳು ಏರಿಸುತ್ತಿದ್ದ. ಅವಳು ನಾಲ್ಕು ಸಲ ಕೊಡವಿದಳು.

"ಸಾಹುಕಾರ್ರೇ" ಎಂದಳು, ಇದ್ದಕ್ಕಿದ್ದ ಹಾಗೆ ದನಿ ಏರಿಸಿ. "ನಿಮ್ಮ ಹುಡುಗನ ಕೈ ಬೆವರ್ತಾ ಇದೆ. ಬಂದು ನೀವೇ ಹಿಡೀರಿ."

ಕೋದಂಡರಾಮಪ್ಪ ಹಣ್ಣಿನ ಗೊರಟೆಯನ್ನು ಬಾಯಿಂದ ತೆಗೆದ. "ಏಮಮ್ಮಾ ಗಂಗರತ್ನ! ನೀನಾ? ಗುರ್ತೇ ಸಿಗ್ಲಿಲ್ಲ ನೋಡು. ಅವನು ನನ್ನ ಹುಡುಗ ಅಲ್ಲಮ್ಮ. ನಾನು ದಿವಾಳಿ. ಕೋರ್ಟು ನನ್ನ ಕೈ ಕಟ್ಟಾಕದೆ. ಒಂದು ಹಣ್ಣು ತಿನ್ನೋಣ ಅಂತ ಬಂದೋನು."

"ಹಣ್ಣು ತಿನ್ನೋಕೆ ಬಂದೋರು ಕೆಮ್ಮಿದ್ರೆ ಮುನಿಶಾಮಿ ಬೆಲೆ ಯಾಕೆ ಏರಿಸ್ತಾನೆ?"

ಅಂಗಳದಲ್ಲಿ ಗುಜುಗುಜು ಎದ್ದಿತು. ಮುನಿಶಾಮಿ ಕೈ ಹಿಂದಕ್ಕೆಳೆದುಕೊಂಡ.

"ನಾಲಿಗೆ ಉದ್ದ ಆಗೋಗದೆ. ರಾಮಚಂದ್ರ ಇದ್ದಾಗ ಹಿಂಗಿರ್ಲಿಲ್ಲ ನೀನು."

"ಇದ್ದಾಗ ಅಂದ್ರೆ? ಕೋರ್ಟಲ್ಲಿ ಓಡಿಹೋದ ಅಂದ್ರಿ. ಈಗ ಇಲ್ಲ ಅಂತೀರಾ? ಎರಡರಲ್ಲಿ ಒಂದು ಹೇಳಿ ಸಾಹುಕಾರ್ರೇ, ಕುಂಕುಮ ಇಟ್ಕೊಬೇಕೋ ಬೇಡ್ವೋ ನನಗೂ ಗೊತ್ತಾಗ್ಲಿ."

ಅವನ ಮುಖದಲ್ಲಿ ನಗು ಹಾಗೇ ಇತ್ತು. ಕಣ್ಣುಗಳಲ್ಲಿ ಮಾತ್ರ ಏನೋ ಒಂದು ಹಿಂದಕ್ಕೆ ಸರಿಯಿತು.

ಅವಳು ಬಿಡಲಿಲ್ಲ. "ನಮ್ಮ ಮಾವ ದನದ ದಲ್ಲಾಳಿ. ಮುಳಬಾಗಿಲ ಸಂತೇಲಿ ಟವಲ್ ಕೆಳಗೆ ಕೋದಂಡನ್ನ ಗೆದ್ದೋರಿಲ್ಲ ಅಂತ ಸಾಯೋವರ್ಗೂ ಹೇಳೋರು. ಅದೇ ಕೋದಂಡ ಈಗ ಒಬ್ಬ ಹೆಂಗ್ಸಿನ ಮುಂದೆ ಪಂಕ್ಚರ್ ಹಾಕೋನ್ನ ಕೂರ್ಸಿ ಹಿಂದೆ ಕೆಮ್ತಾ ಅವ್ರೆ. ಮಾವ ಸತ್ತಿದ್ದೇ ಒಳ್ಳೇದಾಯ್ತು ಬಿಡಿ."

"ಹೋಗ್ಲಿ ಬಿಡಿ ಧಣೀ, ಸೋತೆ ಅನ್ನಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ದುಡ್ಡು ಕಳೆದುಕೊಂಡವರು ಆ ಗುಂಪಿನಲ್ಲೂ ಇದ್ದರು. ಸಿಳ್ಳೆ ಹಾರಿತು.

ಕೋರ್ಟು, ಪೊಲೀಸು, ಪತ್ರಿಕೆಯವರು ಮಾಡಲಾಗದ್ದನ್ನು ಆ ಸಿಳ್ಳೆ ಮಾಡಿತು. ಕೋದಂಡರಾಮಪ್ಪ ಎದ್ದ. ಪಂಚೆಯ ಚುಂಗಿನಿಂದ ಬಾಯಿ ಒರೆಸಿಕೊಂಡ. ಮುನಿಶಾಮಿಯನ್ನು ಮೊಣಕಾಲಿನಿಂದ ಪಕ್ಕಕ್ಕೆ ತಳ್ಳಿ, ಅವಳೆದುರು ಕುಕ್ಕರುಗಾಲಲ್ಲಿ ಕೂತು, ಟವಲನ್ನು ತಾನೇ ಹಾಸಿದ.

"ರಾ ತಲ್ಲೀ, ಬಾ ತಾಯಿ" ಎಂದ ಮೆಲ್ಲಗೆ. "ಆಟ ಆಡೋಣ."

ಅವನ ಕೈ ತಣ್ಣಗಿತ್ತು. ಹಣ್ಣಿನ ರಸ ಅಂಟಂಟಾಗಿತ್ತು. ಉಂಗುರಗಳಿದ್ದ ತಗ್ಗುಗಳು ಅವಳ ಬೆರಳಿಗೆ ಸಿಕ್ಕಿದವು. ಈ ಕೈ ನನ್ನ ಗಂಡನ ಕುತ್ತಿಗೆ ಹಿಡಿದ ಕೈ, ಎಂದುಕೊಂಡಳು. ಉಗುರು ನೆಡಬೇಕೆನ್ನಿಸಿತು. ತಡೆದುಕೊಂಡಳು.

ಅವನು ಆಡುವುದರಲ್ಲಿ ನಿಜಕ್ಕೂ ಪಳಗಿದವನು. ಹಿಡಿದ, ಬಿಟ್ಟ, ಕೆಳಗಿಳಿಸಿದ, ಬೇಡವೆಂದು ಏಳುವವನ ಹಾಗೆ ಕೈ ಸಡಿಲಿಸಿ ಮತ್ತೆ ಹಿಡಿದ. ಅವಳು ಒಂದೊಂದನ್ನೂ ಕೊಡವುತ್ತ ಮೇಲೇರಿಸಿದಳು. ಕೊನೆಗೆ ಅವಳ ಇಡೀ ಕೈ ಅವನ ಮುಷ್ಟಿಯೊಳಗೆ ಬಂತು. ಇನ್ನೊಂದು ಅರ್ಧ ಸೇರಿಸಿದರೆ ವ್ಯಾಪಾರ ಮುಗಿಯುತ್ತಿತ್ತು.

ಅವನು ನಡುಗೆಣ್ಣನ್ನು ಒತ್ತಲಿಲ್ಲ.

ಅವಳ ಕಿರುಬೆರಳನ್ನು ತನ್ನ ಕಿರುಬೆರಳಿನಿಂದ ಕೊಕ್ಕೆ ಹಾಕಿ ಎಳೆದ. ಒಂದು ಸಲ. ಮತ್ತೊಂದು ಸಲ.

ಅಂಗಳದ ಗದ್ದಲವೆಲ್ಲ ದೂರಕ್ಕೆ ಹೋಯಿತು.

*

ಮದುವೆಯಾದ ಹೊಸದರಲ್ಲಿ ಆ ಮನೆಯಲ್ಲಿ ಗಂಡಹೆಂಡಿರು ಎದುರುಬದುರು ಮಾತಾಡುವ ಹಾಗಿರಲಿಲ್ಲ. ಮಾವ, ಭಾವ, ಅತ್ತೆಯ ಅತ್ತೆ, ಎಲ್ಲರೂ ಒಂದೇ ಪಡಸಾಲೆಯಲ್ಲಿ. ಆಗ ರಾಮಚಂದ್ರಪ್ಪ ಅಪ್ಪನಿಂದ ಕಲಿತ ಟವಲಿನ ಭಾಷೆಯನ್ನು ಅವಳಿಗೆ ಕಲಿಸಿದ್ದ. ಸೊಪ್ಪು ಬಿಡಿಸುವಾಗ ಮೊರದ ಕೆಳಗೆ, ಬಸ್ಸಿನಲ್ಲಿ ಅವಳ ಸೆರಗಿನ ಕೆಳಗೆ, ಬೆರಳು ಮಾತಾಡುತ್ತಿದ್ದವು. ಒಂದು ಹಬ್ಬದ ದಿನ ಎಲ್ಲರ ಊಟವಾದ ಮೇಲೆ ಒಂದೇ ಒಬ್ಬಟ್ಟು ಉಳಿದಿತ್ತು. ಅವನು ಅವಳ ಕಿರುಬೆರಳಿಗೆ ಕೊಕ್ಕೆ ಹಾಕಿ ಎರಡು ಸಲ ಎಳೆದಿದ್ದ. ಅರ್ಧ ನಂದು, ಅರ್ಧ ನಿಂದು.

ದನದ ಸಂತೆಯಲ್ಲಿ ಆ ಸನ್ನೆ ಇಲ್ಲ. ಮಾವಿನ ಮಂಡಿಯಲ್ಲೂ ಇಲ್ಲ. ಅದು ಅವನು ಹುಟ್ಟಿಸಿದ್ದು, ಅವಳಿಗಾಗಿ.

"ಅರ್ಥಮಯಿಂದಾ?" ಕೋದಂಡರಾಮಪ್ಪ ಬಗ್ಗಿ ಕೇಳಿದ. ಹಣ್ಣಿನ ಸಿಹಿವಾಸನೆ ಮುಖಕ್ಕೆ ಬಡಿಯಿತು. "ತೂಕದ ಯಂತ್ರದ ಪಕ್ಕ ಕೂತಿರೋ ಏಜೆಂಟನ ಬೀಡಿ ಆಗ್ಲಿಂದ ಹೊತ್ತೇ ಇಲ್ಲ, ನೋಡಿದ್ಯಾ? ನಾನು ನೋಡ್ದೆ. ಟವಲು ಎತ್ತಬೇಡ ತಾಯಿ. ಎತ್ತಿದ್ರೆ ನಾನೊಬ್ನೇ ಹೋಗೋದಿಲ್ಲ. ಬೆಲೆ ಕುದುರ್ಲಿಲ್ಲ ಅನ್ನು, ಕಾಯಿ ತುಂಬ್ಕೊಂಡು ಮನೆಗೋಗು."

ಬದುಕಿದ್ದಾನೆ.

ಮೊದಲು ಬಂದದ್ದು ಅದೊಂದೇ. ಎದೆ ಒಡೆದು ಹೋಗುವಷ್ಟು ಸಂತೋಷ. ಅದರ ಹಿಂದೆಯೇ ಹೆದರಿಕೆ. ಎಲ್ಲೋ ಕೂಡಿಹಾಕಿದ್ದಾರೆ, ಹೊಡೆದಿದ್ದಾರೆ, ಬಾಯಿ ಬಿಡಿಸಿದ್ದಾರೆ. ಅಂಗೈ ಅವಳಿಗೆ ಗೊತ್ತಿಲ್ಲದೆ ಹಿಂದಕ್ಕೆ ಸರಿಯತೊಡಗಿತು.

ಆಮೇಲೆ, ತಣ್ಣಗೆ, ಮೂರನೆಯದು ಬಂತು. ಹೊಡೆದರೆ ಮನುಷ್ಯ ಬೀರುವಿನ ಬೀಗದ ಕೈ ಎಲ್ಲಿದೆ ಅನ್ನುತ್ತಾನೆ. ಯಾರಿಗೆ ಎಷ್ಟು ಕೊಟ್ಟೆ ಅನ್ನುತ್ತಾನೆ. ಹೆಂಡತಿಯ ಜೊತೆ ಒಬ್ಬಟ್ಟು ಹಂಚಿಕೊಂಡ ಆಟವನ್ನು ಯಾರೂ ಹೊಡೆದು ಕೇಳುವುದಿಲ್ಲ. ಅದು ಏಟು ತಿಂದು ಹೇಳುವಂಥ ಮಾತಲ್ಲ. ಹೊಟ್ಟೆ ತುಂಬ ಉಂಡು, ಗೋಡೆಗೆ ಒರಗಿ, ನಗುತ್ತ ಹೇಳುವಂಥದ್ದು.

ಗಂಗರತ್ನಮ್ಮ ತಲೆ ತಗ್ಗಿಸಿದಳು. ಅವಳ ಕಣ್ಣು ಎಡಗಡೆ, ಕೈಗೆಟಕುವಷ್ಟು ಹತ್ತಿರ ಜೋಡಿಸಿದ್ದ ಗಿಳಿಹಸಿರು ಪೆಟ್ಟಿಗೆಗಳ ಮೇಲೆ ಬಿತ್ತು.

ಮೇಲಿನ ಪೆಟ್ಟಿಗೆಯಲ್ಲಿ ಅದೇ ಮುರುಕು ಉಂಗುರ. ಉಂಗುರ ಎರಡು ಹಲಗೆಗಳ ಮೇಲೆ ಹರಡಿತ್ತು. ಅರ್ಧ ಈ ಹಲಗೆಯಲ್ಲಿ, ಅರ್ಧ ಆ ಹಲಗೆಯಲ್ಲಿ, ನಡುವೆ ಗಾಳಿಯಾಡಲು ಬಿಟ್ಟ ಬೆರಳಗಲದ ಸಂದು. ಕೌಂಟರಿನಲ್ಲಿ ಸಂದು ಇರಲಿಲ್ಲ. ಅದು ಒಂದೇ ಮರ. ಕೌಂಟರನ್ನು ಕೊಯ್ದು, ಹಲಗೆ ಮಾಡಿ, ಮೊಳೆ ಹೊಡೆದು ಪೆಟ್ಟಿಗೆಯಾದ ಮೇಲೆ ಯಾರೋ ಅದರ ಮೇಲೆ ಆ ಕ್ಯಾರಿಯರನ್ನು ಇಟ್ಟಿದ್ದರು.

ಅಣ್ಣನ ತೋಟದ ಪೆಟ್ಟಿಗೆಯಲ್ಲೂ ಹೀಗೇ ಇತ್ತೇ? ಇದ್ದಿರಬೇಕು. ಅವಳು ಸಂದನ್ನು ನೋಡಿರಲಿಲ್ಲ. ಸತ್ತ ಗಂಡನನ್ನು ಹುಡುಕುತ್ತಿದ್ದಳು, ಅವನನ್ನಷ್ಟೇ ನೋಡಿದ್ದಳು.

ಟವಲಿನಿಂದ ಹೊರಗಿದ್ದ ಎಡಗೈಯನ್ನು ಚಾಚಿ ಕಲೆಯ ಮೇಲೆ ಉಗುರು ಎಳೆದು, ಮೂಗಿನ ಹತ್ತಿರ ತಂದಳು.

ಹುರುಳಿ ಸಾರು.

ಆಂಜನೇಯನಿಗೆ ಮೊಸರನ್ನ. ಆದರೆ ಎರಡು ವರ್ಷದಿಂದ ಶನಿವಾರ ನಸುಕಿನಲ್ಲಿ ಅತ್ತೆಯ ಒಲೆಯ ಮೇಲೆ ಕುದಿಯುತ್ತಿದ್ದುದು ಹುರುಳಿ ಸಾರು. ಮಗನಿಗೆ ಪ್ರಾಣವಾಗಿದ್ದ ಸಾರು. ತಾಯಿಕರುಳು, ಮರೆಯಲಾರದೆ ಮಾಡುತ್ತಾಳೆ ಎಂದು ಅವಳೇ ಎಷ್ಟೋ ಸಲ ಹುರುಳಿ ಆರಿಸಿಕೊಟ್ಟಿದ್ದಳು.

ತಿರುಗಿ ನೋಡಿದಳು. ಅತ್ತೆ ಅವಳ ಮುಖ ನೋಡುತ್ತಿರಲಿಲ್ಲ. ಟವಲನ್ನು ನೋಡುತ್ತಿದ್ದಳು. ದಲ್ಲಾಳಿಯ ಹೆಂಡತಿ. ಟವಲಿನ ಮೇಲಿನ ಅಲುಗಾಟದಿಂದಲೇ ಕೆಳಗಿನ ಮಾತು ಓದಬಲ್ಲವಳು.

ನನ್ ಸೊಸೆ ಮುತ್ತೈದೆ.

ಅದು ಸೊಸೆಯ ಮೇಲಿನ ಪ್ರೀತಿಯ ಮಾತಾಗಿರಲಿಲ್ಲ. ಅದು ಅತ್ತೆಗೆ ಗೊತ್ತಿದ್ದ ಸಂಗತಿಯಾಗಿತ್ತು. ಬೈರಮ್ಮ ಅರ್ಧ ಬಿಂದಿಗೆ ಹೊತ್ತು ಹೋಗುವಾಗ, ಮೂರು ಹಳ್ಳಿಯ ಹೆಂಗಸರು ಅವಳನ್ನು ಕಂಡು ಬಾಗಿಲು ಹಾಕುವಾಗ, ಅವನು ಇಲ್ಲೆಲ್ಲೋ ಕೂತು ಅಮ್ಮನ ಕೈಯ ಮುದ್ದೆ ಮುರಿದು ಸಾರಿನಲ್ಲಿ ಅದ್ದುತ್ತಿದ್ದ.

ಕೋದಂಡರಾಮಪ್ಪನ ಕಡೆ ತಿರುಗಿದಾಗ ಅವಳ ಮುಖದಲ್ಲಿ ಏನೂ ಇರಲಿಲ್ಲ.

"ನೀವೊಬ್ರೇ ಹೋಗೋದಿಲ್ಲ ಅಂದ್ರಲ್ಲ ಸಾಹುಕಾರ್ರೇ" ಎಂದಳು. "ನನಗೂ ಅದೇ ಬೇಕು."

ಅವನ ಅಂಗೈಗೆ ಅಂಗೈಯನ್ನು ಅಪ್ಪಳಿಸಿದಂತೆ ಒತ್ತಿದಳು. ಅವನು ಕೈ ಕೀಳುವಷ್ಟರಲ್ಲಿ ಟವಲನ್ನು ಎಳೆದಳು. ಬೆಳಕಿನಲ್ಲಿ ಎರಡು ಕೈಗಳೂ ಸೇರಿದ್ದುದನ್ನು ಇಡೀ ಮಂಡಿ ನೋಡಿತು. ಟವಲು ಅವಳ ಹೆಗಲ ಮೇಲೆ ಬಿತ್ತು.

"ವ್ಯಾಪಾರ ಕುದುರ್ತು!" ಎಂದು ಕೂಗಿದಳು. "ಕೋದಂಡರಾಮಪ್ಪನೋರು ಕಾಯಿ ಕೊಂಡ್ರು! ಎಲ್ಲ ನೋಡ್ಕೊಳಿ!"

ಬೀಡಿ ನೆಲಕ್ಕೆ ಬಿತ್ತು. ಚನ್ನರಾಯಪ್ಪ ಲುಂಗಿ ಎತ್ತಿ ಕಟ್ಟಿಕೊಂಡು ಬಂದರು. "ದಿವಾಳಿ ಆದೋರು ಒಳ್ಳೇ ಬೆಲೆ ಕೊಡ್ತೀರಿ ಧಣೀ" ಎಂದು ಅವನ ರಟ್ಟೆ ಹಿಡಿದರು. "ಏಳಿ. ಉಳಿದ ಹಣ್ಣು ಸ್ಟೇಷನ್ನಲ್ಲಿ ತಿನ್ನೋರಂತೆ."

ಕೋದಂಡರಾಮಪ್ಪ ಅವರನ್ನು ನೋಡಲಿಲ್ಲ. "ನೀನು ತಪ್ಪು ಮಾಡ್ದೆ ಕಣಮ್ಮಾ" ಎಂದ ಗಂಗರತ್ನಮ್ಮನಿಗೆ. ಬೆದರಿಕೆಯ ದನಿಯಲ್ಲ, ಕನಿಕರದ್ದು. ಅದೇ ಅವಳನ್ನು ಹೆಚ್ಚು ಚುಚ್ಚಿತು.

*

ಅವಳು ನೇರ ಅತ್ತೆಯ ಮುಂದೆ ಹೋಗಿ ನಿಂತಳು.

"ಎಲ್ಲವ್ನೆ?"

"ಯಾರೇ?"

"ನಿಮ್ಮ ಮಗ."

ದೊಡ್ಡವೆಂಕಟಮ್ಮ ಕ್ಯಾರಿಯರಿನ ಹಿಡಿಯನ್ನು ಬಿಗಿಯಾಗಿ ಹಿಡಿದಳು. ಕಣ್ಣು ಮಾತ್ರ ಅವಳ ಅಂಕೆ ಮೀರಿ ಅಂಗಳದ ಮೂಲೆಗೆ ಹೋಗಿ ಬಂತು. ಅಲ್ಲಿ ಸಾಲಾಗಿ ಮೂರು ಬಾಗಿಲು, ಮೂರೂ ಮುಚ್ಚಿದ್ದವು. ಗಂಗರತ್ನಮ್ಮ ಬಗ್ಗಿ ಅವಳ ತೊಡೆಯ ಮೇಲಿನ ಕ್ಯಾರಿಯರನ್ನು ಎತ್ತಿಕೊಂಡಳು. ಭಾರವಿತ್ತು. ಹಿಡಿಯ ಕೆಳಗೆ ಸಾರು ಸೋರಿ ಜಿಡ್ಡು ಕಟ್ಟಿತ್ತು.

ಅತ್ತೆ ಅವಳ ಸೆರಗು ಹಿಡಿದುಕೊಂಡಳು. "ಬೇಡ ಕಣೇ ಗಂಗಾ. ಆ ಕೊನೇ ಬಾಗ್ಲು ತೆಗೀಬಾರ್ದು. ಕಾಯಿ ಅಡೆ ಹಾಕವ್ರೆ. ಶಾಖ ಹೋದ್ರೆ ಹಣ್ಣೆಲ್ಲ ಕೊಳೀತದೆ."

"ಮೂರು ಬಾಗ್ಲಲ್ಲಿ ಕೊನೇದ್ರಲ್ಲೇ ಅಡೆ ಹಾಕವ್ರೆ ಅಂತ ನಿಮಗೆಂಗೆ ಗೊತ್ತು ಅತ್ತೆ? ಈ ಮಂಡಿಗೆ ಇವತ್ತೇ ಅಲ್ವಾ ಮೊದಲ್ನೇ ಸಲ ಬಂದಿದ್ದು?"

ಸೆರಗು ಹಿಡಿದ ಕೈ ಸಡಿಲವಾಯಿತು. "ನನ್ನ ಬೈಕೊ, ಹೊಡಿ" ಎಂದಳು ಮುದುಕಿ. ಅವಳು ಅಳುತ್ತಿದ್ದಳು. "ಹೆತ್ತೋಳು ಕಣೇ ನಾನು. ಏನ್ ಮಾಡ್ಲಿ? ಆ ಬಾಗ್ಲಿಗೆ ಮಾತ್ರ ಹೋಗ್ಬೇಡ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

ಗಂಗರತ್ನಮ್ಮ ಹೋದಳು.

ಮಾವಿನ ಕಾಲದಲ್ಲಿ, ಹಣ್ಣಾಗಲೆಂದು ಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿ ಅಡೆ ಹಾಕಿದ ಕೋಣೆಯ ಬಾಗಿಲನ್ನು ಯಾರೂ ಮುಟ್ಟುವುದಿಲ್ಲ. ಸಂದಿಗಳಿಗೆ ಒತ್ತಿದ ಹುಲ್ಲು ಕಂಡರೆ ಸಾಕು, ಕಳ್ಳನೂ ದೂರ ಸರಿಯುತ್ತಾನೆ. ಮನುಷ್ಯನನ್ನು ಬಚ್ಚಿಡಲು ಅದಕ್ಕಿಂತ ಒಳ್ಳೆಯ ಜಾಗ ಈ ಊರಿನಲ್ಲಿ ಇರಲಿಲ್ಲ. ಹುಲ್ಲನ್ನು ಕಿತ್ತೆಸೆದು, ಕ್ಯಾರಿಯರಿನ ತಳದಿಂದ ಬಾಗಿಲನ್ನು ಮೆತ್ತಗೆ ಬಡಿದಳು.

ಒಳಗೆ ಅಗುಳಿ ಸರಿಯಿತು. ಬಾಗಿಲು ಗೇಣಗಲ ತೆರೆಯಿತು. ಹಣ್ಣಿನ ವಾಸನೆ ಬರಲಿಲ್ಲ, ಎಣ್ಣೆ ಹಾಕಿ ಬಾಚಿದ ತಲೆಯ ವಾಸನೆ ಬಂತು. ಕತ್ತಲೊಳಗಿಂದ ಕ್ಯಾರಿಯರಿಗಾಗಿ ಒಂದು ಕೈ ಹೊರಗೆ ಚಾಚಿತು.

ಗಂಡಸಿನ ಕೈಯಲ್ಲ. ಎಳೆ ವಯಸ್ಸಿನ ಕೈ. ಅದರ ತುಂಬ ಹಸಿರು ಗಾಜಿನ ಬಳೆ, ಗಾಜಿನೊಳಗೆ ಹಳದಿ ಎಳೆ.

ಗಂಗರತ್ನಮ್ಮ ತನ್ನ ಕೈಯನ್ನು ನೋಡಿಕೊಂಡಳು. ಅವೇ ಬಳೆ.

ಹೆಗಲ ಮೇಲಿದ್ದ ಟವಲನ್ನು ಆ ಕೈಯ ಮೇಲೆ ಹಾಕಿದಳು. ಯಾಕೆ ಹಾಗೆ ಮಾಡಿದಳೋ ಅವಳಿಗೇ ಗೊತ್ತಿರಲಿಲ್ಲ. ಟವಲಿನ ಕೆಳಗೆ ಆ ಕಿರುಬೆರಳನ್ನು ಹುಡುಕಿ, ಕೊಕ್ಕೆ ಹಾಕಿ, ಎರಡು ಸಲ ಎಳೆದಳು.

ಆ ಬೆರಳು ಒಂದು ಕ್ಷಣವೂ ಯೋಚಿಸಲಿಲ್ಲ. ಎರಡು ಸಲ ಎಳೆದು ಉತ್ತರ ಕೊಟ್ಟಿತು.

"ಅಷ್ಟರಲ್ಲೇ ಬಂದ್ಬಿಟ್ರಾ?" ಕತ್ತಲೊಳಗಿಂದ ನಗುವಿನ ದನಿ. "ಈಗ ತಾನೇ ಹಮಾಲಿಗಳ ಜೊತೆ ಹೋದ್ರಲ್ಲ. ಯಾರೂ ಗುರ್ತು ಹಿಡೀಲಿಲ್ವಾ?"

ಗಂಗರತ್ನಮ್ಮ ಆ ಕೈಯನ್ನು ಬಿಡದೆಯೇ ತಿರುಗಿದಳು.

ಲಾರಿಯ ಹತ್ತಿರ ಹಮಾಲಿಗಳು ಧೂಳಿಗೆಂದು ಮುಖಕ್ಕೆ ಸುತ್ತಿಕೊಂಡಿದ್ದ ವಸ್ತ್ರ ಬಿಚ್ಚಿ, ಧಣಿಯನ್ನು ಜೀಪಿನ ಕಡೆಗೆ ಎಳೆದೊಯ್ಯುವುದನ್ನು ಬಾಯಿ ತೆರೆದು ನೋಡುತ್ತಿದ್ದರು. ಒಬ್ಬ ಮಾತ್ರ ಬಿಚ್ಚಿರಲಿಲ್ಲ. ಅವನು ಧಣಿಯನ್ನು ನೋಡುತ್ತಿರಲಿಲ್ಲ. ಅವಳ ಕೈಯಲ್ಲಿದ್ದ ಕ್ಯಾರಿಯರನ್ನು ನೋಡುತ್ತಿದ್ದ.